ಕೌಶಲ ಬೇಡದ ಕೆಲಸ ಅಂತ ಒಂದಾದರೂ ಇದೆಯಾ?

ನಂಜನಗೂಡು ಹಾಜರಿ ಪುಸ್ತಕ | ಭಾನುವಾರ ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ನಂಜನಗೂಡಿನ ಕಾರ್ಖಾನೆಗಳಿಗೆ ಆಳು ಕಳಿಸುವ ಒಬ್ಬ ಗುತ್ತಿಗೆದಾರರ ಹತ್ತಿರ ಹಾಜರಿ ಮತ್ತು ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳೂ ಒಂದೊಂದು ಹೆಸರಿನ ಮುಂದೆ ಕುಶಲ, ಅರೆಕುಶಲ, ಅಕುಶಲ ಎಂದು ತುಂಬಬೇಕು. ಲೋಡಿಂಗಿನವರು ಅಕುಶಲ. ಗುಡಿಸಿ ಒರೆಸುವವರು ಅಕುಶಲ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು ಅಕುಶಲ.

ಲೋಡಿಂಗಿನಲ್ಲಿ ಒಬ್ಬ ಹಿರಿಯರಿದ್ದಾರೆ. ಯಾವ ಮೂಟೆ ಕೆಳಗೆ, ಯಾವುದು ಮೇಲೆ, ಭಾರ ಲಾರಿಯ ಯಾವ ಭಾಗಕ್ಕೆ ಬೀಳಬೇಕು, ಸಂದಿಯ ಮೇಲೆ ಸಂದಿ ಬರದ ಹಾಗೆ ಹೇಗೆ ಜೋಡಿಸಬೇಕು, ಎಲ್ಲ ಅವರೇ ಹೇಳುವುದು. ಅವರು ಬರದ ದಿನ ಲೋಡು ಒಂದು ಕಡೆ ವಾಲುತ್ತದೆ, ಬಿಚ್ಚಿ ಮತ್ತೆ ಹೇರಬೇಕಾಗುತ್ತದೆ. ಮೊನ್ನೆ ಸೇರಿದ ಹುಡುಗನಿಗೂ ಅವರಿಗೂ ಒಂದೇ ಸಂಬಳ. ಇವರನ್ನು ಅರೆಕುಶಲಕ್ಕಾದರೂ ಹಾಕೋಣ ಎಂದು ಮೇಲಿನವರನ್ನು ಕೇಳಿದೆ. "ಸರ್ಟಿಫಿಕೇಟ್ ಇದೆಯಾ?" ಎಂದರು. ಇಲ್ಲ, ಅಲ್ಲಿಗೆ ಮಾತು ಮುಗಿಯಿತು.

ನನಗೆ ನಿಜವಾಗಿ ಉತ್ತರ ಬೇಕು. ಕೌಶಲವೇ ಬೇಡದ ಕೆಲಸ ಅಂತ ಯಾವುದಾದರೂ ಇದೆಯಾ? ಇಲ್ಲ ಅಂದರೆ ಈ ಪಟ್ಟಿ ಯಾಕೆ?

ಕಬ್ಬಿನ ಬಯಲು ಮಂಡ್ಯ | 8:22

ಇಲ್ಲ. ಒಂದೂ ಇಲ್ಲ.

ಹೂಟಗಳ್ಳಿ ಕೋಡರ್ | 8:41

ಬೈಯಬೇಡಿ, ಬೇರೆ ಮಾತು ಹೇಳುತ್ತೇನೆ. ಗೌರವ ಬೇರೆ, ಕೌಶಲ ಬೇರೆ. ಎಲ್ಲ ಕೆಲಸಕ್ಕೂ ಗೌರವ ಕೊಡೋಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಾಕ್ಟರಾಗಲು ವರ್ಷಗಟ್ಟಲೆ ಓದಬೇಕು. ಮೂಟೆ ಹೊರಲು ಎರಡು ದಿನ ಸಾಕು. ಕಲಿಯಲು ಎಷ್ಟು ಸಮಯ ಬೇಕು ಎಂಬುದನ್ನು ಹೇಳಲು ಏನೋ ಒಂದು ಹೆಸರು ಬೇಕಲ್ವಾ? ಆ ಹಿರಿಯರು ಬುದ್ಧಿವಂತರು, ಒಪ್ಪಿದೆ. ಆದರೆ ಅದು ಅವರ ಬುದ್ಧಿ. ಆ ಕೆಲಸಕ್ಕೆ ಅದು ಬೇಕೇ ಬೇಕು ಅಂತ ಇಲ್ಲ.

ಕಬ್ಬಿನ ಬಯಲು ಮಂಡ್ಯ | 9:05

ಕೋಡರ್ ಸಾಹೇಬರೇ, ಎರಡು ದಿನದ ಮಾತು ಎಲ್ಲಿಂದ ಬಂತು? ನಮ್ಮ ಗದ್ದೆಗೆ ಬನ್ನಿ, ಮಚ್ಚು ಕೊಡುತ್ತೇನೆ.

ಕಬ್ಬನ್ನು ನೆಲಕ್ಕೆ ಸಮ ಕಡಿಯಬೇಕು. ಸಕ್ಕರೆ ಜಾಸ್ತಿ ಇರುವುದೇ ಬುಡದಲ್ಲಿ. ಒಂದು ಗೇಣು ಮೇಲೆ ಬಿಟ್ಟು ಕಡಿದರೆ ತೂಕವೂ ಹೋಯಿತು, ಸಕ್ಕರೆಯೂ ಹೋಯಿತು. ಅಷ್ಟೇ ಅಲ್ಲ, ಉಳಿದ ಮೋಟಿನ ಮೇಲಿನ ಕಣ್ಣುಗಳಿಂದ ಚಿಗುರು ಬಂದು ಮುಂದಿನ ಕೂಳೆ ಬೆಳೆ (ಅದೇ ಬುಡದಿಂದ ಮತ್ತೆ ಚಿಗುರುವ ಬೆಳೆ) ಸೊರಗುತ್ತದೆ. ಇನ್ನು ತುದಿ. ತುದಿಯಲ್ಲಿ ಸಕ್ಕರೆ ಕಟ್ಟಿರುವುದಿಲ್ಲ. ಸೋಗೆ ಎಲ್ಲಿಗೆ ಸವರಬೇಕು ಎಂದು ಕೈಗೆ ತಿಳಿದಿರಬೇಕು. ಜಾಸ್ತಿ ಬಿಟ್ಟರೆ ಕಾರ್ಖಾನೆಯವರು ತಕರಾರು ತೆಗೆಯುತ್ತಾರೆ, ಜಾಸ್ತಿ ಸವರಿದರೆ ನನಗೆ ನಷ್ಟ. ಇಷ್ಟೂ ತೀರ್ಮಾನ ಒಂದೊಂದು ಜಲ್ಲೆಗೂ, ಬಗ್ಗಿ ನಿಂತು, ಎಲೆಯ ಅಂಚು ಮೈ ಗೀಚುತ್ತಿರುವಾಗ. ಮೇಲೆ ಅವಸರ ಬೇರೆ. ಕಡಿದ ಕಬ್ಬು ಬಿಸಿಲಲ್ಲಿ ಬಿದ್ದಿದ್ದರೆ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಒಂದು ದಿನದೊಳಗೆ ಅರೆದರೆ ಒಳ್ಳೆಯದು.

ಕೈ ಪಳಗದವನನ್ನು ಗದ್ದೆಗೆ ಬಿಟ್ಟರೆ ಏನಾಗುತ್ತದೆ ಎಂದು ಯಾವ ರೈತನನ್ನಾದರೂ ಕೇಳಿ.

ಪಾಂಡವಪುರ ಆಲೆಮನೆ | 9:30

ಕಬ್ಬಿನ ಬಯಲು ಅಣ್ಣ ಹೇಳಿದ್ದು ಸರಿ. ನಮ್ಮದು ಆಲೆಮನೆ, ಅಲ್ಲಿಯ ಕಥೆಯೂ ಕೇಳಿ.

ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದ ಮೇಲೆ ಸುಣ್ಣ ಹಾಕುತ್ತಾರೆ. ಕಡಿಮೆಯಾದರೆ ಹುಳಿ ಉಳಿದು ಬೆಲ್ಲ ಸರಿಯಾಗಿ ಕಟ್ಟುವುದಿಲ್ಲ, ಜಾಸ್ತಿಯಾದರೆ ಕಪ್ಪಾಗುತ್ತದೆ. ಎಷ್ಟು ಹಾಕಬೇಕು ಎಂಬುದಕ್ಕೆ ಒಂದೇ ಅಳತೆ ಇಲ್ಲ. ಕಬ್ಬಿನ ತಳಿ, ವಯಸ್ಸು, ಕಡಿದು ಎಷ್ಟು ಹೊತ್ತಾಯಿತು, ಎಲ್ಲ ನೋಡಬೇಕು. ಕುದಿಯುವಾಗ ಮೇಲೆ ಬರುವ ಕೊಳೆಯನ್ನು ಹೊತ್ತು ನೋಡಿ ತೆಗೆಯಬೇಕು. ಆಮೇಲೆ ಪಾಕ. ಸುಮಾರು 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿಸಬೇಕು ಎಂದು ಪುಸ್ತಕ ಹೇಳುತ್ತದೆ. ನಮ್ಮ ಪಾಕದವರು ಥರ್ಮಾಮೀಟರ್ ಮುಟ್ಟುವುದಿಲ್ಲ. ಗುಳ್ಳೆ ನೋಡುತ್ತಾರೆ, ಸದ್ದು ಕೇಳುತ್ತಾರೆ, ಒಂದು ಚೂರು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ಸ್ವಲ್ಪ ತಡವಾದರೆ ಸೀದು ಹೋಗುತ್ತದೆ, ಬೇಗ ಇಳಿಸಿದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಇಡೀ ಕೊಪ್ಪರಿಗೆಯ ದುಡ್ಡು ಆ ಒಂದು ಗಳಿಗೆಯಲ್ಲಿದೆ.

ಪಾಕದವರಿಗೆ ನಮ್ಮಲ್ಲಿ ಬೆಲೆ ಇದೆ, ಜಾಸ್ತಿ ಕೂಲಿಯೂ ಇದೆ. ಆದರೆ ಕೆಳಗೆ ಕೂತು ಒಲೆಗೆ ಕಬ್ಬಿನ ಸಿಪ್ಪೆ ಹಾಕುವವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವನು ಉರಿ ಹದ ತಪ್ಪಿಸಿದರೆ ಮೇಲಿನ ಪಾಕದವರು ಏನು ಮಾಡಲು ಸಾಧ್ಯ? ಇತ್ತೀಚೆಗೆ ಉತ್ತರ ಪ್ರದೇಶ, ಬಿಹಾರದಿಂದ ಬಂದವರು ನಮ್ಮ ಕಡೆ ಆಲೆಮನೆಗಳಲ್ಲಿ ದುಡಿಯುತ್ತಿದ್ದಾರೆ. ಒಳ್ಳೆಯ ಉರಿಯವನು ಊರಿಗೆ ಹೋದರೆ ಮಾಲೀಕರು ಅವನಿಗೆ ದಿನಕ್ಕೆರಡು ಸಲ ಫೋನ್ ಮಾಡುತ್ತಾರೆ.

ಚಾಮುಂಡಿಪುರಂ ಗೃಹಿಣಿ | 9:38

ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಬೆಲ್ಲ ಕಪ್ಪಗಿದ್ದರೆ ಕೆಟ್ಟದ್ದು ಅಂತ ಅರ್ಥವಾ? ಅಂಗಡಿಯವರು ಹಳದಿಯದೇ ಒಳ್ಳೆಯದು ಎನ್ನುತ್ತಾರೆ.

ಪಾಂಡವಪುರ ಆಲೆಮನೆ | 9:44

ಇಲ್ಲ ಅಕ್ಕ. ತೀರಾ ಹಳದಿಗೆ ಹೊಳೆಯುತ್ತಿದ್ದರೆ ಬಣ್ಣ ಬರಿಸಲು ರಾಸಾಯನಿಕ ಬಿದ್ದಿರಬಹುದು, ಅದಕ್ಕೇ ಅನುಮಾನ ಪಡಬೇಕು. ಕಂದು ಬಣ್ಣದ್ದು ತೆಗೆದುಕೊಳ್ಳಿ. ಬಾಯಿಗೆ ಹಾಕಿ ನೋಡಿ, ಉಪ್ಪುಪ್ಪಾಗಿದ್ದರೆ ಬೇಡ.

ಸರಸ್ವತಿಪುರಂ ಮೇಷ್ಟ್ರು | 10:15

ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದವನು, ಈಗ ನಿವೃತ್ತ. ಎಲ್ಲರೂ ಒಂದು ವಿಷಯ ಬಿಡುತ್ತಿದ್ದೀರಿ. ಸಂಬಳ ಕೌಶಲವನ್ನು ಮಾತ್ರ ನೋಡಿ ನಿಲ್ಲುವುದಿಲ್ಲ. ಆ ಕೆಲಸಕ್ಕೆ ಬರುವವರು ಎಷ್ಟು ಜನ, ಕರೆಯುವವರು ಎಷ್ಟು ಜನ ಎಂಬುದರ ಮೇಲೆ ನಿಲ್ಲುತ್ತದೆ. ಕಷ್ಟದ ಕೆಲಸವನ್ನೇ ಸಾವಿರ ಜನ ಕಲಿತಿದ್ದರೆ ಕೂಲಿ ಇಳಿಯುತ್ತದೆ. ಆದ್ದರಿಂದ "ಇವರಿಗೆ ಕೌಶಲ ಇದೆ" ಎಂದು ಸಾಬೀತು ಮಾಡಿದ ಮಾತ್ರಕ್ಕೆ ಕೂಲಿ ಏರುವುದಿಲ್ಲ. ಪಟ್ಟಿಯ ಹೆಸರು ಬದಲಾದರೂ ಸಂತೆಯ ಲೆಕ್ಕ ಬದಲಾಗುವುದಿಲ್ಲ.

ಮಳವಳ್ಳಿ ನಾಟಿ | 10:52

ಮೇಷ್ಟ್ರೇ, ನೀವು ಹೇಳಿದ್ದು ಅರ್ಧ ಸರಿ. ಉಳಿದರ್ಧ ನಾನು ಹೇಳುತ್ತೇನೆ. ನಾನು, ನಮ್ಮ ಅತ್ತೆ, ಪಕ್ಕದ ಮನೆಯವರು ಎಲ್ಲ ನಾಟಿಗೆ ಹೋಗುವವರು.

ಒಟ್ಲಿನಿಂದ, ಅಂದರೆ ಸಸಿ ಮಡಿಯಿಂದ, ಪೈರು ಕೀಳುವಾಗ ಬೇರು ಹರಿಯಬಾರದು. ಒಂದು ಗುಣಿಗೆ ಎರಡೋ ಮೂರೋ ಪೈರು. ಆಳ ಇಟ್ಟರೆ ತೆಂಡೆ (ಬುಡದ ಮರಿ) ಒಡೆಯುವುದಿಲ್ಲ, ತೀರಾ ಮೇಲಿಟ್ಟರೆ ನೀರಿಗೆ ತೇಲಿ ಹೋಗುತ್ತದೆ. ಸಾಲು ತಪ್ಪಬಾರದು. ಹಿಂದಕ್ಕೆ ಹೆಜ್ಜೆ ಇಡುತ್ತಾ, ನಮ್ಮ ಕಾಲಿನ ಗುಂಡಿಗೇ ಪೈರು ಬೀಳದ ಹಾಗೆ ನೋಡಿಕೊಳ್ಳಬೇಕು. ಬೆಳಿಗ್ಗೆಯಿಂದ ಸಂಜೆ ತನಕ ಕೆಸರಲ್ಲಿ ಬಗ್ಗಿಕೊಂಡೇ. ಇದಕ್ಕೆ ಹೆಸರು ಅಕುಶಲ.

ಈಗ ನಾಟಿ ಮಿಷನ್ ಬಂದಿದೆ. ಮಾಡುವುದು ನಮ್ಮದೇ ಕೆಲಸ. ಅದಕ್ಕೆ ಟ್ರೇನಲ್ಲಿ ಬೆಳೆಸಿದ ಪೈರೇ ಬೇಕು, ಗದ್ದೆ ಹಲಗೆ ಹೊಡೆದು ಮಟ್ಟ ಮಾಡಿರಬೇಕು, ನೀರು ತೆಳ್ಳಗೆ ನಿಲ್ಲಿಸಬೇಕು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಮೇಲೆ ಅದನ್ನು ಓಡಿಸುವವನು ಕುಶಲ ಕೆಲಸಗಾರ! ಮಿಷನ್ ಮೂಲೆಗೆ ಹೋಗುವುದಿಲ್ಲ, ನಡುನಡುವೆ ಗುಣಿ ಬಿಟ್ಟು ಹೋಗುತ್ತದೆ. ಅದನ್ನೆಲ್ಲ ಹಿಂದೆ ಬಂದು ಕೈಯಲ್ಲಿ ತುಂಬುವ ನಾವು ಮಾತ್ರ ಅಕುಶಲ.

ಸಂತೆಯ ಲೆಕ್ಕ ಅಂದಿರಿ. ಅದೇ ಗದ್ದೆಗೆ, ಅದೇ ದಿನ ಬಂದ ಗಂಡಾಳಿಗೆ ಜಾಸ್ತಿ, ಹೆಣ್ಣಾಳಿಗೆ ಕಡಿಮೆ. ನಾಟಿಯ ಸಮಯದಲ್ಲಿ ಎಲ್ಲರೂ ಹುಡುಕುವುದು ಹೆಣ್ಣಾಳನ್ನೇ. ಕರೆಯುವವರು ಜಾಸ್ತಿ, ಸಿಗುವವರು ಕಡಿಮೆ. ನಿಮ್ಮ ಲೆಕ್ಕದ ಪ್ರಕಾರ ನಮ್ಮ ಕೂಲಿ ಗಂಡಸರನ್ನು ದಾಟಬೇಕಿತ್ತು, ಅಲ್ವಾ? ಯಾಕೆ ದಾಟಿಲ್ಲ ಹೇಳಿ.

ಕಬ್ಬಿನ ಬಯಲು ಮಂಡ್ಯ | 10:58

ಇದಕ್ಕೆ ಉತ್ತರ ಕೊಡಿ ಮೇಷ್ಟ್ರೇ.

ಸರಸ್ವತಿಪುರಂ ಮೇಷ್ಟ್ರು | 11:20

ಒಳ್ಳೆಯ ಪ್ರಶ್ನೆ ತಾಯಿ. ಸಂತೆಯಲ್ಲಿ ಚೌಕಾಸಿ ಮಾಡುವ ಶಕ್ತಿಯೂ ಬೇಕು. ಮನೆ, ಮಕ್ಕಳನ್ನು ಬಿಟ್ಟು ಪಕ್ಕದ ತಾಲೂಕಿಗೆ ಹೋಗಿ ಹೆಚ್ಚು ಕೊಡುವವರನ್ನು ಹುಡುಕಲು ಹೆಣ್ಣುಮಕ್ಕಳಿಗೆ ಆಗುವುದಿಲ್ಲ ಎಂಬುದು ಕರೆಯುವವರಿಗೂ ಗೊತ್ತು. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ಕಾಗದದಲ್ಲಿ ಬಂದದ್ದು ಗದ್ದೆಗೆ ಇಳಿಯಲಿಲ್ಲ.

ಬೆಳವಾಡಿ ಫಿಟ್ಟರ್ | 11:47

ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ, ಆದರೂ ಹೇಳಬೇಕು. ನಾನು ಎರಡು ವರ್ಷ ಐಟಿಐ ಫಿಟ್ಟರ್ ಮಾಡಿದವನು. ಆಮೇಲೆ ಅಪ್ರೆಂಟಿಸ್. ಅಪ್ಪ ಸಾಲ ಮಾಡಿ ಓದಿಸಿದರು. ಮೈಕ್ರೋಮೀಟರ್ ಹಿಡಿದು ಕೂದಲಿಗಿಂತ ಸಣ್ಣ ವ್ಯತ್ಯಾಸ ನೋಡುವ ಕೆಲಸ. ಎಲ್ಲರೂ ಕುಶಲರೇ ಎಂದು ಬರೆದುಬಿಟ್ಟರೆ ನಮ್ಮ ಎರಡು ವರ್ಷಕ್ಕೆ ಏನು ಬೆಲೆ? ಈಗಲೇ ಐಟಿಐ ಮುಗಿಸಿದ ಹುಡುಗರನ್ನು ಟ್ರೈನಿ ಅಂತ ಇಟ್ಟುಕೊಂಡು ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳುತ್ತಾರೆ. ವ್ಯತ್ಯಾಸವೇ ಇಲ್ಲ ಎಂದರೆ ಅವರಿಗೆ ಇನ್ನೂ ಒಳ್ಳೆಯದಾಯಿತು.

ಹೂಟಗಳ್ಳಿ ಕೋಡರ್ | 11:50

ಇದನ್ನೇ ನಾನೂ ಹೇಳಿದ್ದು.

ಕಾರ್ಮಿಕ ಕೇಸುಗಳ ವಕೀಲ | ಮಧ್ಯಾಹ್ನ 12:35

ಹಾಜರಿ ಪುಸ್ತಕ ಸರ್, ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಕನಿಷ್ಠ ವೇತನ ಕಾಯ್ದೆ 1948ರದ್ದು. ಈಗ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಕೇಂದ್ರ ಸರ್ಕಾರದ ಅಧಿಸೂಚನೆಗಳಲ್ಲಿ ಈ ವರ್ಗಗಳಿಗೆ ವಿವರಣೆ ಇದೆ. ಅಕುಶಲ ಎಂದರೆ ಸರಳವಾದ, ಕೌಶಲವಾಗಲಿ ಅನುಭವವಾಗಲಿ ಅಷ್ಟಾಗಿ ಬೇಡದ ಕೆಲಸ. ಅರೆಕುಶಲ ಎಂದರೆ ಕೆಲಸ ಮಾಡುತ್ತಾ ಅನುಭವದಿಂದ ಬಂದ ಒಂದು ಮಟ್ಟದ ಕೌಶಲ ಬೇಕಾದದ್ದು. ಕುಶಲ ಎಂದರೆ ಅನುಭವದಿಂದಲೋ, ಅಪ್ರೆಂಟಿಸ್ ಆಗಿಯೋ, ತರಬೇತಿ ಸಂಸ್ಥೆಯಲ್ಲೋ ಗಳಿಸಿದ ಕೌಶಲ ಬೇಕಾದದ್ದು.

ಅನುಭವ ಎಂಬುದು ಅದರಲ್ಲೇ ಇದೆ, ನೋಡಿ. ಸರ್ಟಿಫಿಕೇಟ್ ಒಂದೇ ದಾರಿ ಎಂದು ಎಲ್ಲೂ ಹೇಳಿಲ್ಲ. ನಿಮ್ಮ ಮೇಲಿನವರು ಕೇಳಿದ ಪ್ರಶ್ನೆ ಕಾನೂನಿನದಲ್ಲ, ಅವರದು.

ತೊಂದರೆ ಇರುವುದು ಮುಂದಿನ ಹಂತದಲ್ಲಿ. ವಿವರಣೆಯ ಜೊತೆಗೆ ಹುದ್ದೆಗಳ ಪಟ್ಟಿಯೂ ಇರುತ್ತದೆ. ಲೋಡರ್ ಎಂಬ ಹೆಸರು ಅಕುಶಲದ ಕೆಳಗೆ ಬಂದರೆ ಆ ಹೆಸರಿನವರೆಲ್ಲ ಅಲ್ಲೇ. ಒಳಗಿನ ಮನುಷ್ಯ ಏನು ಕಲಿತ ಎಂದು ನೋಡುವ ಕಿಟಕಿಯೇ ಇಲ್ಲ. ಇಲ್ಲಿ ಜಗಳ ಆಡಬೇಕಾದದ್ದು ಅದಕ್ಕೆ. ಲೋಡಿಂಗ್ ಮುಂದಾಳು ಎಂದು ಬೇರೆ ಹುದ್ದೆ ಮಾಡಿ ಅವರನ್ನು ಅದಕ್ಕೆ ಹಾಕಿದರೆ ಯಾವ ಕಾಯ್ದೆಯೂ ತಡೆಯುವುದಿಲ್ಲ. ಕನಿಷ್ಠ ವೇತನ ಎಂದರೆ ಅದಕ್ಕಿಂತ ಕೆಳಗೆ ಇಳಿಯಬಾರದು ಎಂದಷ್ಟೇ. ಮೇಲೆ ಎಷ್ಟಾದರೂ ಕೊಡಬಹುದು.

ಫಿಟ್ಟರ್ ಅಣ್ಣನಿಗೆ ಒಂದು ಮಾತು. ಕೆಳಗಿನವರಿಗೆ ಏರಿದರೆ ನಿಮ್ಮದು ಇಳಿಯಬೇಕು ಎಂಬ ನಿಯಮ ಇಲ್ಲ. ಟ್ರೈನಿ ಹೆಸರಿನಲ್ಲಿ ನಿಮ್ಮ ಹುಡುಗರನ್ನು ದುಡಿಸುವುದೂ, ಅನುಭವಸ್ಥ ಲೋಡರನ್ನು ಅಕುಶಲ ಎನ್ನುವುದೂ ಒಂದೇ ಕೈ ಮಾಡುವ ಕೆಲಸ.

ನಂಜನಗೂಡು ಹಾಜರಿ ಪುಸ್ತಕ | 12:50

ಸರ್, ಹಾಗಾದರೆ ಅಕುಶಲದ ಕನಿಷ್ಠ ವೇತನವನ್ನು ಯಾವ ಲೆಕ್ಕದಲ್ಲಿ ಇಡುತ್ತಾರೆ? ಕೌಶಲ ಸೊನ್ನೆ ಅಂತಲಾ?

ಕಾರ್ಮಿಕ ಕೇಸುಗಳ ವಕೀಲ | 1:12

ಅಲ್ಲ, ಹೊಟ್ಟೆಯ ಲೆಕ್ಕದಲ್ಲಿ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಅಳತೆ ಇಟ್ಟಿತು. ದುಡಿಯುವ ಒಬ್ಬರ ಸಂಬಳ ಮೂರು ಘಟಕದ, ಅಂದರೆ ಮೂವರು ವಯಸ್ಕರಷ್ಟು ಖರ್ಚಿನ, ಕುಟುಂಬವನ್ನು ಸಾಕಬೇಕು. ವಯಸ್ಕರಿಗೆ ದಿನಕ್ಕೆ 2700 ಕ್ಯಾಲರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪದ ಖರ್ಚು. 1991ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಶೇ 25 ಸೇರಿಸಿತು. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೆ. ಆ ಅಳತೆಯಲ್ಲಿ ಕೌಶಲದ ಮಾತೇ ಇಲ್ಲ. ಬದುಕಲು ಬೇಕಾದಷ್ಟು ಕೊಡಿ ಎಂದು ಮಾತ್ರ. ಅದನ್ನು ಕೊಡುವಾಗ ಪಕ್ಕದಲ್ಲಿ ಅಕುಶಲ ಎಂಬ ಹಣೆಪಟ್ಟಿ ಅಂಟಿಸಿ, "ಇಷ್ಟು ಸಿಕ್ಕಿದ್ದೇ ಜಾಸ್ತಿ" ಎನ್ನುವುದು ನನಗೆ ಸಿಟ್ಟು ತರಿಸುತ್ತದೆ.

ಕೆ.ಆರ್.ಪೇಟೆ ಕಾಯಕ ಬಂಧು | 1:40

ನರೇಗಾದ್ದೂ ಇದೇ ಕಥೆ. 2005ರ ಕಾಯ್ದೆ ಬರೆದದ್ದೇ "ಅಕುಶಲ ದೈಹಿಕ ಕೆಲಸ ಮಾಡಲು ಮುಂದೆ ಬರುವವರಿಗೆ" ಎಂದು. ಕೆರೆ ಹೂಳೆತ್ತುವುದು, ಬದು ಹಾಕುವುದು. ಮಣ್ಣು ಅಳತೆಗೆ ಸರಿಯಾಗಿ ತೆಗೆಯಬೇಕು, ಅಳತೆ ಕಡಿಮೆಯಾದರೆ ಕೂಲಿಯೂ ಕಡಿಮೆ. ಬದು ಯಾವ ಕಡೆ ಎಷ್ಟು ಎತ್ತರ ಇರಬೇಕು, ಮಳೆ ನೀರು ಎಲ್ಲಿಂದ ನುಗ್ಗುತ್ತದೆ ಎಂದು ನಮ್ಮ ಊರಿನ ಹಿರಿಯರು ಹೇಳಿದ ಮೇಲೆ ಇಂಜಿನಿಯರ್ ಗುರುತು ಬದಲಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಹಿರಿಯರ ಕಾರ್ಡಿನಲ್ಲಿ ಅಕುಶಲ ಎಂದೇ ಇದೆ.

ಶ್ರೀರಂಗಪಟ್ಟಣ ನಾಲೆ | 1:55

ಕನ್ನಂಬಾಡಿ ಕಟ್ಟೆ ನೆನಪಾಯಿತು. 1911ರಲ್ಲಿ ಶುರುವಾದ ಕೆಲಸ, ಮುಗಿಯುವ ಹೊತ್ತಿಗೆ 1932. ಸಿಮೆಂಟ್ ಬದಲು ಸುರ್ಕಿ ಗಾರೆ. ಸುಟ್ಟ ಇಟ್ಟಿಗೆ ಪುಡಿ, ಸುಣ್ಣ ಬೆರೆಸಿ ಅರೆದದ್ದು. ಹದ ತಪ್ಪಿದ್ದರೆ ಇವತ್ತು ಮಂಡ್ಯದಲ್ಲಿ ಗದ್ದೆ ಎಲ್ಲಿರುತ್ತಿತ್ತು? ವಿಶ್ವೇಶ್ವರಯ್ಯನವರ ಹೆಸರು ಎಲ್ಲರಿಗೂ ಗೊತ್ತು, ಇರಲೇಬೇಕು. ಗಾರೆ ಅರೆದವರ, ಕಲ್ಲು ಹೊತ್ತವರ ಹೆಸರು ಒಂದಾದರೂ ಗೊತ್ತಾ?

ಹಳೇ ಮೈಸೂರಿಗ | 2:03

ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಬಿಟ್ಟು ಕಟ್ಟೆಯ ಮಾತಾಡಬೇಡಿ. ದುಡ್ಡು ಹೊಂದಿಸಿದ್ದು ಅವರು.

ಶ್ರೀರಂಗಪಟ್ಟಣ ನಾಲೆ | 2:06

ಬಿಟ್ಟಿಲ್ಲ ಸ್ವಾಮಿ. ನಾನು ಕೇಳಿದ್ದು ಕಲ್ಲು ಹೊತ್ತವರ ವಿಷಯ.

ನಿರ್ವಾಹಕ | 2:30

ಕಟ್ಟೆ ಕಟ್ಟಿಸಿದವರ ಚರ್ಚೆಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ಕೆಲಸ, ಕೂಲಿಯ ವಿಷಯ ಮಾತ್ರ.

ಕುಂಬಾರಕೊಪ್ಪಲು ನಿವಾಸಿ | 3:18

ಮೈಸೂರಿಗೆ 2016ರಲ್ಲಿ ದೇಶದ ಸ್ವಚ್ಛ ನಗರ ಎಂದು ಮೊದಲ ಸ್ಥಾನ ಬಂದಾಗ ನಾವೆಲ್ಲ ಎದೆ ತಟ್ಟಿಕೊಂಡೆವು. ಗುಡಿಸಿದವರು ಪೌರಕಾರ್ಮಿಕರು. ನಮ್ಮ ಬಡಾವಣೆಯಲ್ಲಿ ಕಸ ಬೇರ್ಪಡಿಸುವ ಘಟಕ ಇದೆ. ಯಾವ ಪ್ಲಾಸ್ಟಿಕ್ ಯಾವ ರಾಶಿಗೆ, ಯಾವುದು ಮಾರಾಟಕ್ಕೆ ಹೋಗುತ್ತದೆ, ಯಾವುದು ಗೊಬ್ಬರಕ್ಕೆ ಬೆರೆತರೆ ಕೆಡುತ್ತದೆ ಎಂದು ಅಲ್ಲಿಯ ಹೆಂಗಸರು ಮುಟ್ಟಿದ ಕೂಡಲೇ ಹೇಳುತ್ತಾರೆ. ಎರಡು ಡಬ್ಬಿಗೆ ಹಸಿ ಕಸ, ಒಣ ಕಸ ಬೇರೆ ಹಾಕಲು ಓದಿದವರ ಮನೆಗಳಲ್ಲೇ ಇನ್ನೂ ಬಂದಿಲ್ಲ.

ಇನ್ನೂ ಗಂಭೀರವಾದದ್ದು ಒಳಚರಂಡಿ. ಆ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದಾಗ ಮೂಗು ಕೆಲಸ ನಿಲ್ಲಿಸುತ್ತದೆ, ವಾಸನೆಯೇ ಬರುವುದಿಲ್ಲ. ವಾಸನೆ ಹೋಯಿತು ಎಂದು ಇಳಿದವನು ಮೇಲೆ ಬರುವುದಿಲ್ಲ. ಇದು ಯಾರು ಬೇಕಾದರೂ ಮಾಡುವ ಕೆಲಸ ಎಂದು ತಿಳಿದದ್ದರಿಂದಲೇ ತರಬೇತಿ, ಸಲಕರಣೆ ಏನೂ ಇಲ್ಲದೆ ಇಳಿಸಿ ಜನರನ್ನು ಕೊಂದದ್ದು. 2013ರ ಕಾಯ್ದೆ ಇದನ್ನು ನಿಷೇಧಿಸಿದೆ. ಆದರೂ ಸಾವು ನಿಲ್ಲಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಿ ಎಂದಿತು. ಕೋಡರ್ ಅವರೇ, ಹೆಸರಿನಲ್ಲಿ ಏನಿದೆ ಎಂದು ಕೇಳುವ ಮೊದಲು ಇದನ್ನು ಯೋಚಿಸಿ.

ದೇವರಾಜ ಮಾರ್ಕೆಟ್ ಹೂವು | 4:02

ನಾವು ಹೂ ಕಟ್ಟುವವರು. 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಹೂಮಾಲೆ ಕಟ್ಟುವುದೂ ಒಂದು. ಬಟ್ಟೆ ಒಗೆಯುವುದು, ಕ್ಷೌರ, ಪೊರಕೆ ಬುಟ್ಟಿ ಹೆಣೆಯುವುದು, ಕಲ್ಲು ಒಡೆಯುವುದು ಎಲ್ಲ ಇದೆ. ಐದಾರು ದಿನ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸರ್ಟಿಫಿಕೇಟ್, ಸಲಕರಣೆಗೆ 15,000 ರೂಪಾಯಿ. ಬಹಳ ಸಂತೋಷ. ಆದರೆ ಮಳವಳ್ಳಿ ಅಕ್ಕನ ನಾಟಿ, ಮಂಡ್ಯ ಅಣ್ಣ ಹೇಳಿದ ಕಬ್ಬು ಕಡಿಯುವುದು ಆ ಪಟ್ಟಿಯಲ್ಲಿಲ್ಲ. ನನ್ನ ಬೆರಳಿಗೆ ಕಸುಬು ಎನ್ನುವವರು ಅವರ ಬೆರಳಿಗೆ ಕೂಲಿ ಎನ್ನುತ್ತಾರೆ. ನಾನು ಹೂ ಕಟ್ಟುವುದಕ್ಕಿಂತ ನಾಟಿ ಕಷ್ಟ ಎಂದು ನನಗೆ ಗೊತ್ತು, ತವರಿನಲ್ಲಿ ಮಾಡಿದ್ದೇನೆ.

ಬನ್ನೂರು ರೇಷ್ಮೆ | 4:20

ಹುಳು ಸಾಕುವ ಮನೆಯನ್ನೂ ಸೇರಿಸಿ. ಹುಳು ನಾಲ್ಕು ಸಲ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂರುತ್ತದೆ. ಕೂತಾಗ ಸೊಪ್ಪು ಹಾಕಬಾರದು, ಎದ್ದಾಗ ಹಸಿವಿಗೆ ಬಿಡಬಾರದು. ಹಣ್ಣಾದ ಹುಳು ಯಾವುದು ಎಂದು ಮೈಯ ಬಣ್ಣ ನೋಡಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ (ಬಿದಿರಿನ ತಟ್ಟಿಗೆ) ಬಿಡಬೇಕು. ನಮ್ಮ ಮನೆಗೆ ಆ ಎರಡು ದಿನಕ್ಕೆ ಬರುವ ಅಜ್ಜಿಯನ್ನು ದಿನಗೂಲಿ ಎನ್ನುತ್ತೇವೆ. ಅವರು ಬರದಿದ್ದರೆ ಗೂಡು ಹಾಳು.

ಹೂಟಗಳ್ಳಿ ಕೋಡರ್ | 5:10

ಎಲ್ಲ ಓದಿದೆ. ಒಳಚರಂಡಿಯ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಆದರೂ ಒಂದು ಪ್ರಶ್ನೆ ಉಳಿಯಿತು. ಬಾಗಿಲು ತೆಗೆದು ಸೆಲ್ಯೂಟ್ ಹೊಡೆಯುವುದು, ಲಿಫ್ಟಿನಲ್ಲಿ ಗುಂಡಿ ಒತ್ತುವುದು. ಇಂಥದ್ದಕ್ಕೂ ಕೌಶಲವಾ?

ಕಬ್ಬಿನ ಬಯಲು ಮಂಡ್ಯ | 5:16

ಗುಂಡಿ ಒತ್ತುವುದಕ್ಕೆ ಬೇಡ. ಲಿಫ್ಟ್ ನಡುವೆ ನಿಂತು ಒಳಗೆ ಬಸುರಿ ಹೆಂಗಸು ಇದ್ದಾಗ ಬೇಕು.

ಸರಸ್ವತಿಪುರಂ ಮೇಷ್ಟ್ರು | 5:40

ಕೋಡರ್ ಅವರ ಪ್ರಶ್ನೆ ನ್ಯಾಯವಾದದ್ದೇ. ಬೇಗ ಕಲಿಯುವ ಕೆಲಸಗಳು ಇವೆ, ಅದನ್ನು ಇಲ್ಲವೆನ್ನಬಾರದು. ಅವಕ್ಕೆ "ಬೇಗ ಕಲಿಯಬಹುದಾದ ಕೆಲಸ" ಎಂದೇ ಕರೆಯಿರಿ. ಬೇಗ ಕಲಿಯುವುದೂ ಚೆನ್ನಾಗಿ ಮಾಡುವುದೂ ಒಂದೇ ಅಲ್ಲ. ಈ ಪಟ್ಟಿ ಎರಡನ್ನೂ ಒಂದೇ ಮಾಡಿಬಿಟ್ಟು, ಹತ್ತು ವರ್ಷದ ಅನುಭವಕ್ಕೆ ಮೊದಲ ದಿನದ ಬೆಲೆ ಕಟ್ಟುತ್ತದೆ. ನನ್ನ ತಕರಾರು ಅಲ್ಲಿದೆ.

ಬೆಳವಾಡಿ ಫಿಟ್ಟರ್ | 6:05

ಈ ಮಾತಿಗೆ ನನ್ನ ಒಪ್ಪಿಗೆ ಇದೆ. ವರ್ಷಕ್ಕೆ ತಕ್ಕ ಹೆಚ್ಚಳ ಎಲ್ಲರಿಗೂ ಇರಲಿ. ಐಟಿಐಗೆ ಬೇರೆ ದರ ಉಳಿಯಲಿ.

ಮಳವಳ್ಳಿ ನಾಟಿ | 7:25

ನೀವು ಹೆಸರು ಏನಾದರೂ ಇಡಿ. ನಾವು ಈಗ ಹನ್ನೆರಡು ಜನ ಗುಂಪು ಮಾಡಿಕೊಂಡಿದ್ದೇವೆ. ದಿನಗೂಲಿಗೆ ಒಬ್ಬೊಬ್ಬರೇ ಹೋಗುವುದಿಲ್ಲ, ಎಕರೆ ಲೆಕ್ಕಕ್ಕೆ ಒಟ್ಟಿಗೆ ಮಾತಾಡುತ್ತೇವೆ. ದಿನಕ್ಕೆ ಕೈಗೆ ಬರುವ ದುಡ್ಡು ಮೊದಲಿಗಿಂತ ಜಾಸ್ತಿಯಾಗಿದೆ. ಮೇಷ್ಟ್ರು ಹೇಳಿದ ಚೌಕಾಸಿ ಶಕ್ತಿ ಬಂದದ್ದು ಹೀಗೆ. ಕೌಶಲ ಮೊದಲೂ ಅಷ್ಟೇ ಇತ್ತು.

ಶ್ರೀರಂಗಪಟ್ಟಣ ನಾಲೆ | 7:40

ಅಕ್ಕ, ನಮ್ಮ ಕಡೆಗೂ ಬರುತ್ತೀರಾ? ಎರಡು ಎಕರೆ ಇದೆ. ಆಳು ಸಿಗುತ್ತಿಲ್ಲ.

ಮಳವಳ್ಳಿ ನಾಟಿ | 7:58

ಬರುತ್ತೇವೆ. ಒಟ್ಲು ಯಾವತ್ತು ಹಾಕಿದ್ದೀರಿ ಮೊದಲು ಹೇಳಿ. ಪೈರು 25 ದಿನದೊಳಗೆ ಇದ್ದರೆ ಒಳ್ಳೆಯದು, ಬಲಿತು ಹೋಗಿದ್ದರೆ ಇಳುವರಿ ಬರಲಿಲ್ಲ ಎಂದು ನಮ್ಮನ್ನು ಕೇಳಬೇಡಿ. ಗದ್ದೆ ಮಟ್ಟ ಮಾಡಿ, ಹಿಂದಿನ ದಿನವೇ ನೀರು ಇಳಿಸಿಡಿ. ಹೋಗಿ ಬರಲು ಗಾಡಿ ನಿಮ್ಮದು, ಮಧ್ಯಾಹ್ನದ ಊಟವೂ ನಿಮ್ಮದು. ಎಕರೆಗೆ ಎಷ್ಟು ಎಂದು ಖಾಸಗಿ ಸಂದೇಶದಲ್ಲಿ ಮಾತಾಡೋಣ.